ಟ್ರಯಲ್, ಕ್ರ್ಯಾಕ್, ಪಿಡಿಎಫ್: ಡಿಟಿಪಿ ಅಂಗಡಿಯನ್ನು ನ್ಯಾಯವಾಗಿ ನಡೆಸುವ ದಾರಿ

ಗದಗ-ಬೆಟಗೇರಿಯ ಮುದ್ರಣಾಲಯವಿರಲಿ, ಹುಬ್ಬಳ್ಳಿಯ ಫ್ಲೆಕ್ಸ್ ಅಂಗಡಿಯಿರಲಿ, ಧಾರವಾಡ ಸಪ್ತಾಪುರದ ಜೆರಾಕ್ಸ್ ಸೆಂಟರ್ ಇರಲಿ, ಕಂಪ್ಯೂಟರಿನಲ್ಲಿ ದುಡ್ಡು ಕೊಡದ ಸಾಫ್ಟ್‌ವೇರ್ ಒಂದೆರಡು ಸಿಕ್ಕರೆ ಯಾರಿಗೂ ಆಶ್ಚರ್ಯವಾಗುವುದಿಲ್ಲ. ಎಷ್ಟೋ ಸಲ ಮಷೀನ್ ಜೋಡಿಸಿಕೊಟ್ಟವರೇ ಎಲ್ಲ ತುಂಬಿ ಕೊಟ್ಟಿರುತ್ತಾರೆ. ಅದು ಕ್ರ್ಯಾಕ್, ಅಂದರೆ ಲೈಸೆನ್ಸಿನ ಬೀಗ ಮುರಿದ ಪ್ರತಿ, ಎಂಬುದೇ ಮಾಲೀಕರಿಗೆ ಗೊತ್ತಿರುವುದಿಲ್ಲ. ಅಂಥ ಅಂಗಡಿ ಒಂದೊಂದಾಗಿ ಏನು ಮಾಡಬೇಕು, ಎಲ್ಲಿ ಎಡವುತ್ತದೆ, ಯಾಕೆ ಎಂಬುದನ್ನು ಇಲ್ಲಿ ಬರೆದಿದ್ದೇವೆ.

ನಮ್ಮ ನಿಲುವನ್ನು ಮೊದಲೇ ಹೇಳಿಬಿಡುತ್ತೇವೆ. ಲಗ್ನಪತ್ರಿಕೆಯ ಪ್ರೂಫ್ ವಾಟ್ಸಾಪಿಗೆ ಕಳಿಸಿದ ಮೇಲೆ ಗಿರಾಕಿ ಅದನ್ನೇ ಪಕ್ಕದ ಅಂಗಡಿಗೆ ಕೊಟ್ಟು ಪ್ರಿಂಟ್ ಹಾಕಿಸಿಕೊಂಡರೆ ಡಿಸೈನ್ ಮಾಡಿದವರಿಗೆ ಹೊಟ್ಟೆ ಉರಿಯುತ್ತದೆ. ಆ ಸಿಟ್ಟು ನ್ಯಾಯವಾದದ್ದೇ. ಆ ಡಿಸೈನ್ ಮಾಡಿದ ಸಾಫ್ಟ್‌ವೇರ್ ಬರೆದವರಿಗೂ, ಅದರಲ್ಲಿ ಕೂರಿಸಿದ ಫಾಂಟ್ ಬಿಡಿಸಿದವರಿಗೂ ಅದೇ ನ್ಯಾಯ ಸಲ್ಲಬೇಕು. ಬಳಸಲು ಅನುಮತಿ ಇದ್ದರೆ ಬಳಸಬೇಕು, ಇಲ್ಲದಿದ್ದರೆ ದುಡ್ಡು ಕೊಡಬೇಕು, ಎರಡೂ ಆಗದಿದ್ದರೆ ಬಿಡಬೇಕು. ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಿಸುವ) ಅಂಗಡಿಯ ಬಹುತೇಕ ಕೆಲಸ ಇವತ್ತು ಈ ಮಿತಿಯೊಳಗೇ ನಡೆಯುತ್ತದೆ.

ಮೊದಲು ಪಟ್ಟಿ

ಒಂದು ನೋಟ್‌ಬುಕ್ ತೆಗೆದುಕೊಂಡು ಮಷೀನಿಗೊಂದು ಪುಟ ಬಿಡಿ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪ್ರೋಗ್ರಾಮ್ಸ್ ಆಂಡ್ ಫೀಚರ್ಸ್ ತೆರೆದು, ಅಲ್ಲಿರುವ ಒಂದೊಂದು ಹೆಸರಿನ ಮುಂದೆ ನಾಲ್ಕು ಸಂಗತಿ ಬರೆಯಿರಿ: ಯಾವ ಆವೃತ್ತಿ, ಎಲ್ಲಿಂದ ಬಂತು, ಬಿಲ್ ಅಥವಾ ಲೈಸೆನ್ಸ್ ಇಮೇಲ್ ಎಲ್ಲಿದೆ, ಅದರಿಂದ ನಡೆಯುವ ಕೆಲಸ ಯಾವುದು. ನಾಲ್ಕನೆಯದು ಮುಖ್ಯ. ಲೋಗೋ ಟ್ರೇಸ್ ಮಾಡಲಿಕ್ಕೋ ಫೋಟೋದ ಹಿನ್ನೆಲೆ ತೆಗೆಯಲಿಕ್ಕೋ ಮಾತ್ರ ಇಡೀ ದೊಡ್ಡ ಪ್ಯಾಕೇಜಿನ ಕ್ರ್ಯಾಕ್ ಇಟ್ಟುಕೊಂಡಿರುವುದು ಪಟ್ಟಿ ಮಾಡಿದಾಗಲೇ ಕಣ್ಣಿಗೆ ಬೀಳುವುದು.

‘ಫ್ರೀ’ ಎಂದು ಬರೆದಿದ್ದೆಲ್ಲ ಒಂದೇ ಜಾತಿಯದಲ್ಲ. ಲಿಬ್ರೆಆಫೀಸ್ (ಕಚೇರಿ ಕೆಲಸಕ್ಕೆ), ಇಂಕ್‌ಸ್ಕೇಪ್ (ಲೋಗೋ, ಚಿತ್ತಾರಕ್ಕೆ), ಗಿಂಪ್ (ಫೋಟೋಗೆ), ಸ್ಕ್ರೈಬಸ್ (ಪುಟವಿನ್ಯಾಸಕ್ಕೆ), 7-ಜಿಪ್ (ಫೈಲ್ ಕಟ್ಟಿ ಬಿಚ್ಚಲು) ಇವು ಅಂಗಡಿ ಕೆಲಸಕ್ಕೂ ಬಳಸಬಹುದು, ಎಷ್ಟು ಮಷೀನಿಗಾದರೂ ಹಾಕಬಹುದು ಎಂದು ಲೈಸೆನ್ಸಿನಲ್ಲೇ ಬರೆದುಕೊಟ್ಟಿರುವ ಮುಕ್ತ ತಂತ್ರಾಂಶಗಳು. ದೂರದಿಂದಲೇ ಇನ್ನೊಂದು ಮಷೀನ್ ನಡೆಸುವ ಟೀಮ್‌ವ್ಯೂವರ್‌ನ ಉಚಿತ ಬಳಕೆ ಸ್ವಂತ, ವ್ಯಾಪಾರೇತರ ಕೆಲಸಕ್ಕೆ ಮಾತ್ರ. ಗಿರಾಕಿಯ ಮಷೀನ್ ರಿಪೇರಿಗೆ ಅದನ್ನು ಬಳಸಿದರೆ ಷರತ್ತು ಮುರಿದಂತೆ. ವಿನ್‌ರಾರ್ 40 ದಿನದ ಟ್ರಯಲ್. ಆಮೇಲೂ ಬಾಗಿಲು ಹಾಕುವುದಿಲ್ಲ, ಕೊಳ್ಳಿ ಎಂದು ನೆನಪಿಸುತ್ತ ಇರುತ್ತದೆ. ಅದು ಓಡುತ್ತದೆ ಎಂದಮಾತ್ರಕ್ಕೆ ಅನುಮತಿ ಇದೆ ಎಂದಲ್ಲ. ಜಿಪ್, ರಾರ್ ಬಿಚ್ಚಲು 7-ಜಿಪ್ ಸಾಕು, ಇವತ್ತೇ ಬದಲಿಸಿ.

ಕ್ರ್ಯಾಕ್ ಇದೆಯೋ ಇಲ್ಲವೋ ತಿಳಿಯುವುದು

ಮೊದಲು ವಿಂಡೋಸ್ ನೋಡಿ. ಸೆಟ್ಟಿಂಗ್ಸ್‌ನಲ್ಲಿ ಆಕ್ಟಿವೇಶನ್ ಪುಟ ತೆರೆಯಿರಿ. ಡಿಜಿಟಲ್ ಲೈಸೆನ್ಸ್‌ನಿಂದ ಆಕ್ಟಿವೇಟ್ ಆಗಿದೆ ಎಂದಿದ್ದರೆ ಸಾಮಾನ್ಯವಾಗಿ ಸರಿ. ‘ನಿಮ್ಮ ಸಂಸ್ಥೆಯ ಆಕ್ಟಿವೇಶನ್ ಸರ್ವಿಸ್’ ಮೂಲಕ ಆಗಿದೆ ಎಂಬರ್ಥದ ಸಾಲಿದ್ದರೆ ನಿಲ್ಲಿ. ಅದು ದೊಡ್ಡ ಕಂಪನಿ, ಕಾಲೇಜುಗಳಲ್ಲಿ ಬರುವ ಸಾಲು. ಇಬ್ಬರು ಕೂತು ಕೆಲಸ ಮಾಡುವ ಅಂಗಡಿಯಲ್ಲಿ ಅದು ಕಂಡರೆ ಕೆಎಂಎಸ್ ಆಕ್ಟಿವೇಟರ್ (ಆ ಸರ್ವಿಸಿನ ಸೋಗು ಹಾಕುವ ಕ್ರ್ಯಾಕ್) ಓಡಿದೆ ಎಂದೇ ತಿಳಿಯಬೇಕು.

ಆಮೇಲೆ ವಿಂಡೋಸ್ ಸೆಕ್ಯುರಿಟಿಯಲ್ಲಿ ವೈರಸ್ ಆಂಡ್ ಥ್ರೆಟ್ ಪ್ರೊಟೆಕ್ಷನ್, ಅದರ ಮ್ಯಾನೇಜ್ ಸೆಟ್ಟಿಂಗ್ಸ್, ಕೊನೆಗೆ ಎಕ್ಸ್‌ಕ್ಲೂಷನ್ಸ್‌ಗೆ ಹೋಗಿ. ನೀವು ಸೇರಿಸದ ಫೋಲ್ಡರ್ ಅಲ್ಲಿದ್ದರೆ ಅದು ಕ್ರ್ಯಾಕ್ ಬಿಟ್ಟುಹೋದ ಹೆಜ್ಜೆ. ‘ಆಂಟಿವೈರಸ್ ಆಫ್ ಮಾಡಿ ಇನ್‌ಸ್ಟಾಲ್ ಮಾಡಿ’ ಎಂದು ಕ್ರ್ಯಾಕಿನ ಜೊತೆಗಿರುವ ಚೀಟಿ ಹೇಳುವುದು ಇದಕ್ಕೇ. ಆ ಫೋಲ್ಡರಿಗೆ ಮುಂದೆ ಏನು ಬಂದು ಕೂತರೂ ಆಂಟಿವೈರಸ್ ಕಣ್ಣೆತ್ತಿ ನೋಡುವುದಿಲ್ಲ. ಇನ್ನೊಂದು ಗುರುತು ಸಿಸ್ಟಮ್32 ಫೋಲ್ಡರಿನೊಳಗೆ ಡ್ರೈವರ್ಸ್, ಅದರೊಳಗೆ ಇಟಿಸಿ, ಅಲ್ಲಿರುವ ಹೋಸ್ಟ್ಸ್ ಫೈಲ್. ನೋಟ್‌ಪ್ಯಾಡ್‌ನಲ್ಲಿ ತೆರೆದಾಗ 127.0.0.1ರ (ಅದು ನಿಮ್ಮ ಮಷೀನಿನದೇ ವಿಳಾಸ) ಮುಂದೆ ಸಾಫ್ಟ್‌ವೇರ್ ಕಂಪನಿಯ ವಿಳಾಸಗಳು ಸಾಲಾಗಿದ್ದರೆ, ಲೈಸೆನ್ಸ್ ತಪಾಸಣೆ ಆಗದಂತೆ ಯಾರೋ ತಡೆದಿದ್ದಾರೆ. ಅದರ ಜೊತೆಗೆ ಸುರಕ್ಷತಾ ಅಪ್‌ಡೇಟೂ ನಿಂತಿರಬಹುದು.

ಇದು ಬರೀ ಕಂಪನಿಯ ನಷ್ಟದ ಮಾತಲ್ಲ. ತಹಶೀಲ್ದಾರ್ ಕಚೇರಿ, ಕೋರ್ಟಿನ ಸುತ್ತಲಿನ ಅಂಗಡಿಗಳಿಗೆ ಜನ ಆಧಾರ್, ಪಹಣಿ, ಮಾರ್ಕ್ಸ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಕಳಿಸುತ್ತಾರೆ. ಬ್ರೌಸರಿನಲ್ಲಿ ಸೇವ್ ಆದ ಪಾಸ್‌ವರ್ಡ್ ಕದಿಯುವ ವೈರಸ್‌ಗಳು ಹರಡುವ ದೊಡ್ಡ ದಾರಿಗಳಲ್ಲಿ ಕ್ರ್ಯಾಕ್ ಒಂದು. ಫೈಲ್‌ಗಳಿಗೆಲ್ಲ ಬೀಗ ಹಾಕಿ ದುಡ್ಡು ಕೇಳುವ ಸ್ಟಾಪ್-ಡಿಜೆವು ರ‍್ಯಾನ್ಸಮ್‌ವೇರ್ ಹರಡಿದ್ದೂ ಮುಖ್ಯವಾಗಿ ಕ್ರ್ಯಾಕ್ ಮತ್ತು ನಕಲಿ ಲೈಸೆನ್ಸ್ ಕೀ ಹುಟ್ಟಿಸುವ ಕೀಜನ್‌ಗಳ ಮೂಲಕವೇ. ನೀವು ಉಳಿಸಿದ ದುಡ್ಡಿಗೆ ಬೆಲೆ ತೆರುವವರು ನಿಮ್ಮನ್ನು ನಂಬಿ ಕಾಗದ ಕೊಟ್ಟ ಜನ. ನಮ್ಮ ಮಟ್ಟಿಗೆ ಕ್ರ್ಯಾಕ್ ಬಿಡಬೇಕು ಎನ್ನುವುದಕ್ಕೆ ಇದೊಂದೇ ಕಾರಣ ಸಾಕು.

ಕಾನೂನನ್ನೂ ತಿಳಿದಿರಿ. 1957ರ ಕಾಪಿರೈಟ್ ಕಾಯ್ದೆಯ 63ಬಿ ಕಲಂ ಪ್ರಕಾರ, ಅಕ್ರಮ ಪ್ರತಿ ಎಂದು ಗೊತ್ತಿದ್ದೂ ಕಂಪ್ಯೂಟರ್ ಪ್ರೋಗ್ರಾಮ್ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಜೈಲು, 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ. ವ್ಯಾಪಾರಕ್ಕಲ್ಲದೆ ಬಳಸಿದವರಿಗೆ ಜೈಲು ಬಿಟ್ಟು 50,000ದವರೆಗಿನ ದಂಡ ಮಾತ್ರ ಹಾಕಲು ಕೋರ್ಟಿಗೆ ಅವಕಾಶವಿದೆ. ಅಂಗಡಿಗೆ ಆ ರಿಯಾಯಿತಿ ಇಲ್ಲ. ದುಡ್ಡು ಕೊಟ್ಟು ಕೊಂಡ ಸಾಫ್ಟ್‌ವೇರ್ ಹಾಳಾದೀತೆಂದು ಒಂದು ಬ್ಯಾಕಪ್ ಪ್ರತಿ ಇಟ್ಟುಕೊಳ್ಳುವುದನ್ನು 52ನೇ ಕಲಂ ಒಪ್ಪುತ್ತದೆ.

ಮಷೀನ್ ಸ್ವಚ್ಛ ಮಾಡುವುದು

ಅನ್‌ಇನ್‌ಸ್ಟಾಲ್ ಮಾಡಿದರೆ ಸಾಲದು. ಸಾಫ್ಟ್‌ವೇರ್ ಹೋದರೂ ಎಕ್ಸ್‌ಕ್ಲೂಷನ್, ಹೋಸ್ಟ್ಸ್ ಸಾಲು, ಟಾಸ್ಕ್ ಶೆಡ್ಯೂಲರ್‌ನಲ್ಲಿ ಕೂತ ಕೆಲಸ ಅಲ್ಲೇ ಉಳಿಯುತ್ತವೆ. ಫಾರ್ಮ್ಯಾಟ್ ಮಾಡಲೇಬೇಕು. ಶ್ರಾವಣ, ಗಣಪತಿ ಹಬ್ಬದ ಬ್ಯಾನರ್ ಗಡಿಬಿಡಿ ಮತ್ತು ಮದುವೆ ಸೀಜನ್ ಬಿಟ್ಟು ಒಂದು ದಿನ ಇಟ್ಟುಕೊಳ್ಳಿ.

ಹೊರಗಿನ ಹಾರ್ಡ್‌ಡಿಸ್ಕಿಗೆ ಕೆಲಸದ ಫೈಲ್ ಮಾತ್ರ ತೆಗೆಯಿರಿ: ಪೇಜ್‌ಮೇಕರ್, ಕೋರೆಲ್, ಫೋಟೋಶಾಪ್ ಫೈಲ್‌ಗಳು, ಪಿಡಿಎಫ್, ಟ್ಯಾಲಿ ಡೇಟಾ ಫೋಲ್ಡರ್. ಸೆಟಪ್, ಇಎಕ್ಸ್‌ಇ, ‘ಸಾಫ್ಟ್‌ವೇರ್ಸ್’ ಎಂಬ ಹಳೇ ಫೋಲ್ಡರ್ ಯಾವುದೂ ಬೇಡ. ರೋಗ ತಿರುಗಿ ಬರುವುದು ಅದರಿಂದಲೇ. ಕಾಪಿ ಮುಗಿದ ಕೂಡಲೇ ಡಿಸ್ಕ್ ಬಿಚ್ಚಿಡಿ. ವಿಂಡೋಸ್ ಇನ್‌ಸ್ಟಾಲರನ್ನು ಮೈಕ್ರೋಸಾಫ್ಟ್ ಸೈಟಿನಿಂದಲೇ, ಸ್ವಚ್ಛವಾದ ಬೇರೆ ಮಷೀನಿನಲ್ಲಿ, 8 ಜಿಬಿ ಅಥವಾ ಹೆಚ್ಚಿನ ಪೆನ್‌ಡ್ರೈವಿಗೆ ಇಳಿಸಿಕೊಳ್ಳಿ.

ಇಲ್ಲಿ ಬಹಳ ಜನ ಸುಮ್ಮನೆ ದುಡ್ಡು ಕಳೆದುಕೊಳ್ಳುತ್ತಾರೆ. ವಿಂಡೋಸ್ ಜೊತೆಗೇ ಬಂದ ಬ್ರ್ಯಾಂಡೆಡ್ ಮಷೀನಿನಲ್ಲಿ, ಅದು ವಿಂಡೋಸ್ 10 ಅಥವಾ 11ರ ಜೊತೆ ಬಂದದ್ದಾದರೆ, ಅಸಲಿ ಕೀ ಮದರ್‌ಬೋರ್ಡಿನಲ್ಲೇ ಇರುತ್ತದೆ. ಹೆಚ್ಚಾಗಿ ಬಂದದ್ದು ಹೋಮ್ ಆವೃತ್ತಿ. ಯಾರೋ ಅದರ ಮೇಲೆ ಕ್ರ್ಯಾಕ್ ಮಾಡಿದ ಪ್ರೋ ಹಾಕಿರುತ್ತಾರೆ. ಹೋಮ್ ಆರಿಸಿ ಮರಳಿ ಹಾಕಿದರೆ ಇಂಟರ್ನೆಟ್ ಸಿಕ್ಕ ಕೂಡಲೇ ತಾನಾಗಿ ಆಕ್ಟಿವೇಟ್ ಆಗುತ್ತದೆ, ಪೈಸೆ ಖರ್ಚಿಲ್ಲ. ಆನ್‌ಲೈನಿನಲ್ಲಿ ನಾಲ್ಕೈದು ನೂರಕ್ಕೆ ಮಾರುವ ಕೀಗಳನ್ನು ಮಾತ್ರ ನಂಬಬೇಡಿ. ಹೆಚ್ಚಾಗಿ ಅವು ಯಾವುದೋ ಸಂಸ್ಥೆಯ ಸಗಟು ಲೈಸೆನ್ಸಿನಿಂದ ಸೋರಿದ ಕೀಗಳು. ದುಡ್ಡೂ ಹೋಗಿರುತ್ತದೆ, ಲೈಸೆನ್ಸೂ ಬಂದಿರುವುದಿಲ್ಲ.

ಹೊಸ ವಿಂಡೋಸ್ ಬಂದ ಮೇಲೆ ಇಮೇಲ್, ಬ್ಯಾಂಕ್, ಸೇವಾ ಪೋರ್ಟಲ್‌ಗಳ ಪಾಸ್‌ವರ್ಡ್ ಎಲ್ಲ ಬದಲಿಸಿ, ‘ಎಲ್ಲ ಸಾಧನಗಳಿಂದ ಸೈನ್ ಔಟ್’ ಕೊಡಿ. ಪಾಸ್‌ವರ್ಡ್ ಬದಲಿಸಿದರೂ ಕದ್ದ ಲಾಗಿನ್ ಕೆಲವು ಕಡೆ ಜೀವಂತ ಉಳಿಯುತ್ತದೆ, ಅದಕ್ಕೆ.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಒಪ್ಪದ ಹಳೇ ಮಷೀನಿಗೆ ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಬಹುದು, ಆದರೆ ಮೊದಲು ಪೆನ್‌ಡ್ರೈವಿನಿಂದಲೇ ಓಡಿಸಿ ಪ್ರಿಂಟರ್ ಪರೀಕ್ಷಿಸಿ. ಎಚ್‌ಪಿ ಲೇಸರ್‌ಗಳು ಬಹುಪಾಲು ಸಲೀಸಾಗಿ ನಡೆಯುತ್ತವೆ. ನಮ್ಮ ಕಡೆ ಮನೆಮಾತಾದ ಕ್ಯಾನನ್ ಎಲ್‌ಬಿಪಿ 2900ಗೆ ಬೇರೆಯದೇ ಡ್ರೈವರ್ ಬೇಕು, ಅದು ಕಾಡುತ್ತದೆ. ಫ್ಲೆಕ್ಸ್ ಮಷೀನಿನ ರಿಪ್ ಸಾಫ್ಟ್‌ವೇರ್ (ಡಿಸೈನನ್ನು ಮಷೀನಿಗೆ ತಿಳಿಯುವಂತೆ ಮಾಡುವುದು) ಡಾಂಗಲ್ (ಲೈಸೆನ್ಸಿನ ಯುಎಸ್‌ಬಿ ಕೀಲಿ) ಸಮೇತ ವಿಂಡೋಸ್ ಕೇಳುತ್ತದೆ. ಹಾಗಾಗಿ ಒಂದು ಅಸಲಿ ವಿಂಡೋಸ್ ಇಟ್ಟುಕೊಂಡು ಉಳಿದವನ್ನು ಲಿನಕ್ಸಿಗೆ ಒಯ್ಯುವುದು ಜಾಣತನ.

ಟ್ರಯಲ್ ಬಳಸುವ ರೀತಿ

ಟ್ರಯಲ್ ಅಂದರೆ ಕೊಳ್ಳುವ ಮುಂಚೆ ನೋಡಲು ಕೊಟ್ಟ ಕಾಲ. ಅಡೋಬಿಯದು ಸಾಮಾನ್ಯವಾಗಿ 7 ದಿನ, ಕೋರೆಲ್‌ಡ್ರಾದ್ದು 15 ದಿನ. ಆ ದಿನಗಳಲ್ಲಿ ಗಿರಾಕಿಯ ಅರ್ಜೆಂಟ್ ಕೆಲಸ ಮುಗಿಸಿ, ಬಿಲ್ ಮಾಡಿ, ಅನ್‌ಇನ್‌ಸ್ಟಾಲ್ ಮಾಡುವುದು ಕೊಟ್ಟವರ ನಂಬಿಕೆಯನ್ನು ದುರುಪಯೋಗ ಮಾಡಿಕೊಂಡಂತೆ. ಕೆಲವು ಲೈಸೆನ್ಸ್‌ಗಳಲ್ಲಿ ಪರೀಕ್ಷೆಗಷ್ಟೇ ಎಂದು ಸ್ಪಷ್ಟವಾಗಿ ಬರೆದೂ ಇರುತ್ತದೆ, ಒತ್ತುವ ಮುಂಚೆ ಓದಿ. ಹೊಸ ಜಿಮೇಲ್ ಮಾಡಿ ಮತ್ತೆ ಟ್ರಯಲ್ ಹಾಕುವುದು, ಮಷೀನಿನ ತಾರೀಕು ಹಿಂದಕ್ಕೆ ತಿರುಗಿಸುವುದು, ರಿಜಿಸ್ಟ್ರಿ ಅಳಿಸುವುದು ಇವೆಲ್ಲ ಕ್ರ್ಯಾಕಿನ ತಮ್ಮಂದಿರೇ.

ಟ್ರಯಲ್ ಶುರು ಮಾಡುವ ಮುಂಚೆ ಪರೀಕ್ಷೆಯ ಸರಕು ಸಿದ್ಧವಿರಲಿ: ಈಗಾಗಲೇ ಮುದ್ರಣವಾಗಿ ದುಡ್ಡು ಬಂದ ಮೂರು ಕೆಲಸ – ಒಂದು ಲಗ್ನಪತ್ರಿಕೆ, ನಂಬರ್ ಹಾಕಿದ ಒಂದು ಬಿಲ್ ಬುಕ್, ಒಂದು ದೊಡ್ಡ ಬ್ಯಾನರ್. ಅವನ್ನೇ ಹೊಸ ಸಾಫ್ಟ್‌ವೇರಿನಲ್ಲಿ ಮತ್ತೆ ಮಾಡಿ. ಒತ್ತಕ್ಷರ ಸರಿ ಕೂರುತ್ತದೆಯೇ, ಹಳೇ ಫೈಲ್ ತೆರೆಯುತ್ತದೆಯೇ, ಪ್ಲೇಟ್ ಮಾಡುವವರು ಪಿಡಿಎಫ್ ಒಪ್ಪುತ್ತಾರೆಯೇ, ಬಿಲ್ ಬುಕ್ಕಿಗೆ ಹಿಡಿದ ಹೊತ್ತೆಷ್ಟು ಎಂದು ಬರೆದಿಡಿ. ಮಾಡಿದ್ದನ್ನೆಲ್ಲ ಪಿಡಿಎಫ್ ಅಥವಾ ಎಸ್‌ವಿಜಿಯಲ್ಲೂ (ಬೇರೆ ಸಾಫ್ಟ್‌ವೇರುಗಳೂ ತೆರೆಯುವ ಚಿತ್ರದ ಫೈಲ್) ಉಳಿಸಿ. ಟ್ರಯಲ್ ಮುಗಿದ ಮರುದಿನ ಸ್ವಂತ ಫೈಲಿಗೇ ಬಾಗಿಲು ಮುಚ್ಚಿರುತ್ತದೆ.

ಕಾರ್ಡ್ ಅಥವಾ ಯುಪಿಐ ಕೇಳುವ ಟ್ರಯಲ್‌ನಲ್ಲಿ ಆಟೋಪೇ ಒಪ್ಪಿಗೆಯೂ ಕೊಟ್ಟಿರುತ್ತೀರಿ. 15,000 ರೂಪಾಯಿವರೆಗಿನ ಕಂತು ಪ್ರತಿಸಲ ಓಟಿಪಿ ಕೇಳದೆ ಹೋಗಬಹುದು. ಕಡಿತಕ್ಕೆ 24 ಗಂಟೆ ಮುಂಚೆ ಬ್ಯಾಂಕಿನಿಂದ ಬರುವ ಮೆಸೇಜ್ ಕಸದ ಮೆಸೇಜುಗಳ ನಡುವೆ ಕಣ್ತಪ್ಪುತ್ತದೆ. ಮುಗಿಯುವ ಎರಡು ದಿನ ಮುಂಚೆ ಮೊಬೈಲಿನಲ್ಲಿ ಅಲಾರಂ ಇಡಿ. ಬೇಡವೆಂದರೆ ಮೊದಲು ಕಂಪನಿಯ ಖಾತೆಯಲ್ಲಿ ಪ್ಲಾನ್ ರದ್ದು ಮಾಡಿ, ಆಮೇಲೆ ಆಟೋಪೇ ರದ್ದು ಮಾಡಿ. ಆಟೋಪೇ ಒಂದನ್ನೇ ಕಿತ್ತರೆ ಕರಾರು ಹಾಗೇ ಉಳಿಯುತ್ತದೆ. ‘ವರ್ಷದ ಪ್ಲಾನ್, ತಿಂಗಳ ಕಂತು’ ಎಂಬುದನ್ನು ತಿಂಗಳ ಪ್ಲಾನ್ ಎಂದು ತಿಳಿಯಬೇಡಿ. ನಡುವೆ ಬಿಟ್ಟರೆ ದಂಡ ಬೀಳುತ್ತದೆ.

ಕೊಳ್ಳಬೇಕೋ ಬೇಡವೋ ಎಂಬುದಕ್ಕೆ ಸರಳ ಲೆಕ್ಕವಿದೆ. ತಿಂಗಳಿಗೆ 2,000 ರೂಪಾಯಿ ಬಾಡಿಗೆ, ಆ ಸಾಫ್ಟ್‌ವೇರಿನಲ್ಲಿ ತಿಂಗಳಿಗೆ 60 ಕೆಲಸ ಎಂದು ಹಿಡಿಯಿರಿ: ಒಂದಕ್ಕೆ 33 ರೂಪಾಯಿ ಚಿಲ್ಲರೆ ಬಿತ್ತು. ಡಿಸೈನ್ ಚಾರ್ಜಿಗೆ ಅಷ್ಟು ಸೇರಿಸಿದರೆ ಮುಗಿಯಿತು. ಅದೇ ತಿಂಗಳಿಗೆ ಐದೇ ಕೆಲಸವಾದರೆ ಒಂದಕ್ಕೆ 400. ಆಗ ಕೊಳ್ಳಬೇಡಿ, ಮುಕ್ತ ತಂತ್ರಾಂಶಕ್ಕೆ ಬನ್ನಿ.

ಟ್ಯಾಲಿಯ ಬಗ್ಗೆ ಒಂದು ಮಾತು. ಬ್ಯಾಡಗಿ, ಹಾವೇರಿ ಕಡೆಯ ದಲಾಲಿ ಅಂಗಡಿಗಳಲ್ಲಿ ಟ್ಯಾಲಿಯ ಎಜುಕೇಶನಲ್ ಮೋಡ್‌ನಲ್ಲೇ ಲೆಕ್ಕ ಇಡುವ ಆಸೆ ಹುಟ್ಟುತ್ತದೆ. ಅದು ಕಲಿಯುವವರಿಗಾಗಿ ಕೊಟ್ಟದ್ದು. ತಿಂಗಳ 1, 2 ಮತ್ತು 31ರ ತಾರೀಕು ಮಾತ್ರ ತೆಗೆದುಕೊಳ್ಳುತ್ತದೆ. 17ನೇ ತಾರೀಕಿನ ಮೆಣಸಿನಕಾಯಿ ಚೀಲದ ಬಿಲ್ಲನ್ನು 2ಕ್ಕೆ ಬರೆದರೆ ಜಿಎಸ್‌ಟಿ ರಿಟರ್ನ್, ಇ-ವೇ ಬಿಲ್ ಯಾವುದೂ ಒಂದಕ್ಕೊಂದು ತಾಳೆಯಾಗುವುದಿಲ್ಲ. ದಿನದ ಲೆಕ್ಕವಿದ್ದರೆ ಟ್ಯಾಲಿಗೆ ದುಡ್ಡು ಕೊಡಿ.

ಪೇಜ್‌ಮೇಕರ್ ಬಿಟ್ಟು ಬರುವುದು

ಪುಟ ಜೋಡಿಸುವ ಹಳೇ ಸಾಫ್ಟ್‌ವೇರ್ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಈಗ ಅದಕ್ಕೆ ಬೆಂಬಲವಿಲ್ಲ, ಹೊಸ ಆವೃತ್ತಿಯೂ ಬರುವುದಿಲ್ಲ. ‘ಇನ್ನು ಯಾರಿಗೆ ನಷ್ಟ?’ ಎಂದು ಕೇಳುವವರಿದ್ದಾರೆ. ನಷ್ಟ ಸಣ್ಣದು ಎಂಬುದನ್ನು ನಾವೂ ಒಪ್ಪುತ್ತೇವೆ, ಆದರೂ ಕಾಪಿರೈಟ್ ಮುಗಿದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ, ಅದಕ್ಕೆ ಯೂನಿಕೋಡ್ (ಮೊಬೈಲ್, ಇಂಟರ್ನೆಟ್ಟಿನಲ್ಲಿ ಬಳಸುವ ಅಕ್ಷರ ಸಂಕೇತ) ಬರುವುದಿಲ್ಲ. ಗಿರಾಕಿ ವಾಟ್ಸಾಪಿನಲ್ಲಿ ಟೈಪ್ ಮಾಡಿ ಕಳಿಸಿದ ಕನ್ನಡವನ್ನು ಅದರಲ್ಲಿ ಮತ್ತೆ ಟೈಪ್ ಮಾಡಬೇಕು.

ಹೊಸ ಪುಟವಿನ್ಯಾಸಕ್ಕೆ ಸ್ಕ್ರೈಬಸ್ 1.6 ಅಥವಾ ಮುಂದಿನದನ್ನೇ ಹಾಕಿ, 1.4ರಲ್ಲಿ ಒತ್ತಕ್ಷರ ಒಡೆದು ಬಿಡಿಬಿಡಿಯಾಗುತ್ತದೆ. ಹಳೇ ಪೇಜ್‌ಮೇಕರ್ ಫೈಲ್‌ಗಳನ್ನು ಲಿಬ್ರೆಆಫೀಸ್ ಡ್ರಾ ತೆರೆಯುತ್ತದೆ, ಕೋರೆಲ್ ಫೈಲ್‌ಗಳನ್ನು ಡ್ರಾ ಮತ್ತು ಇಂಕ್‌ಸ್ಕೇಪ್ ಎರಡೂ ಒಂದು ಮಟ್ಟಿಗೆ ತೆರೆಯುತ್ತವೆ. ಅಳತೆ, ಚೌಕಟ್ಟು ಬರುತ್ತದೆ; ನೆರಳು, ಪಾರದರ್ಶಕ ಪರಿಣಾಮಗಳು ತಪ್ಪಿಹೋಗಬಹುದು.

ನಿಜವಾದ ಕಷ್ಟ ಪಠ್ಯದ್ದು. ಕನ್ನಡ ಟೈಪಿಂಗ್ ತಂತ್ರಾಂಶ ನುಡಿಯ ಹಳೇ ಫಾಂಟಿನ ಬರಹ ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತ. ನುಡಿಯಲ್ಲೇ ಯೂನಿಕೋಡ್ ಪರಿವರ್ತಕವಿದೆ. ಹಾಗೇ ಓಡಿಸಿದರೆ ಪಠ್ಯದ ನಡುವೆ ಇರುವ ಇಮೇಲ್ ವಿಳಾಸ, ಇಂಗ್ಲಿಷ್ ಹೆಸರುಗಳನ್ನೂ ಕನ್ನಡ ಸಂಕೇತ ಎಂದು ತಿಳಿದು ಅರ್ಥವಿಲ್ಲದ ಅಕ್ಷರ ಮಾಡಿಬಿಡುತ್ತದೆ. ಅಂಥ ಸಾಲುಗಳನ್ನು ಮೊದಲೇ ಕತ್ತರಿಸಿ ಬೇರೆ ಇಟ್ಟು, ಕೊನೆಗೆ ಸೇರಿಸಿ. ಎರಡನೆಯ ತೊಂದರೆ ಅರ್ಕಾವತ್ತಿನದು. ಹಳೇ ಫಾಂಟಿನಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ಲಗ್ನಪತ್ರಿಕೆಯಲ್ಲಿ ಕುಲಕರ್ಣಿ, ಪರ್ವತಗೌಡ್ರ, ಮಲ್ಲಿಕಾರ್ಜುನ ಎಂಬ ಹೆಸರುಗಳನ್ನು ಒಂದೊಂದಾಗಿ ಬೆರಳಿಟ್ಟು ಓದಿ. ‘ರ‍್ಯಾಂಕ್’ ಎಂಬಲ್ಲಿ ರ ಮುಂದಿದ್ದು ಯ ಒತ್ತಾಗಬೇಕಾದರೆ ನಡುವೆ ಕಣ್ಣಿಗೆ ಕಾಣದ ಜೋಡಕ ಅಕ್ಷರ ಬೇಕು. ಪರಿವರ್ತನೆಯಲ್ಲಿ ಅದು ಬಿದ್ದುಹೋದರೆ ಯ ಮೇಲೆ ಅರ್ಕಾವತ್ತು ಕೂರುತ್ತದೆ.

ಆಫ್‌ಸೆಟ್ಟಿಗೆ ಕಳಿಸುವಾಗ ಇಂಕ್‌ಸ್ಕೇಪಿನ ಕಪ್ಪು ಆರ್‌ಜಿಬಿ ಕಪ್ಪು, ಅಂದರೆ ಪರದೆಗಾಗಿ ಇರುವ ಕಪ್ಪು, ಎಂಬುದು ನೆನಪಿರಲಿ. ಹಾಗೇ ಬಿಟ್ಟರೆ ನಾಲ್ಕೂ ಬಣ್ಣದ ಪ್ಲೇಟಿಗೆ ಹಂಚಿಹೋಗಿ, ರಿಜಿಸ್ಟ್ರೇಶನ್ (ಪ್ಲೇಟುಗಳ ಹೊಂದಿಕೆ) ಒಂದು ಕೂದಲೆಳೆ ಸರಿದರೂ ಸಣ್ಣ ಅಕ್ಷರದ ಅಂಚು ಮಬ್ಬಾಗುತ್ತದೆ. ಲೋಗೋ, ಚಿತ್ತಾರ ಮಾತ್ರ ಇಂಕ್‌ಸ್ಕೇಪಿನಲ್ಲಿ ಮಾಡಿ ಎಸ್‌ವಿಜಿಯಾಗಿ ಸ್ಕ್ರೈಬಸ್ಸಿಗೆ ತನ್ನಿ. ಅಲ್ಲಿ ಕಲರ್ಸ್ ಪಟ್ಟಿಯಲ್ಲಿ ಅವನ್ನು ಸಿಎಂವೈಕೆ (ಮುದ್ರಣದ ನಾಲ್ಕು ಬಣ್ಣ) ಮಾಡಿ, ಪಠ್ಯಕ್ಕೆ 100 ಪ್ರತಿಶತ ಕಪ್ಪು ಒಂದನ್ನೇ ಕೊಡಿ. ಬ್ಲೀಡ್ (ಕತ್ತರಿಸುವ ಗೆರೆಯಾಚೆ ಬಿಡುವ ಅಂಚು) 3 ಮಿಮೀ. ಪಿಡಿಎಫ್-ಎಕ್ಸ್ (ಪ್ರೆಸ್ಸಿಗಾಗಿ ಇರುವ ಪಿಡಿಎಫ್) ಆಯ್ಕೆ ಕಾಣದಿದ್ದರೆ ಫೈಲ್ ಮೆನುವಿನ ಡಾಕ್ಯುಮೆಂಟ್ ಸೆಟಪ್‌ನಲ್ಲಿ ಕಲರ್ ಮ್ಯಾನೇಜ್‌ಮೆಂಟ್ ಆನ್ ಮಾಡಿ. ಪ್ರೆಸ್ಸಿನವರು ‘ಕರ್ವ್ ಮಾಡಿ ಕಳಿಸ್ರಿ’ (ಅಕ್ಷರಗಳನ್ನು ಗೆರೆಚಿತ್ರವಾಗಿಸಿ) ಎಂದರೆ ಇಂಕ್‌ಸ್ಕೇಪಿನಲ್ಲಿ ಅದಕ್ಕೆ ಪಾತ್ ಮೆನುವಿನ ಆಬ್ಜೆಕ್ಟ್ ಟು ಪಾತ್.

ಫಾಂಟ್ ಕೂಡ ಸಾಫ್ಟ್‌ವೇರೇ. ಸಾವಿರಾರು ಫಾಂಟ್ ತುಂಬಿದ ಪೆನ್‌ಡ್ರೈವನ್ನು ಗೆಳೆಯರು ಪ್ರೀತಿಯಿಂದ ಕೊಟ್ಟರೂ ಹಾಕಿಕೊಳ್ಳಬೇಡಿ. ಶ್ರೀಲಿಪಿಯಂಥ ದುಡ್ಡಿನ ಪ್ಯಾಕೇಜಿನ ಫಾಂಟುಗಳು ಅದರಲ್ಲಿ ಬೆರೆತಿರುತ್ತವೆ. ನೋಟೋ ಸೆರಿಫ್ ಕನ್ನಡ, ಟಿರೋ ಕನ್ನಡ, ಬಾಲೂ ತಮ್ಮ, ಅನೇಕ್ ಕನ್ನಡ, ನಮ್ಮೂರಿನ ಹೆಸರನ್ನೇ ಹೊತ್ತ ‘ಹುಬ್ಬಳ್ಳಿ’ ಇವೆಲ್ಲ ಓಪನ್ ಫಾಂಟ್ ಲೈಸೆನ್ಸಿನವು. ಪತ್ರಿಕೆ, ಬ್ಯಾನರ್, ಪುಸ್ತಕ ಯಾವುದಕ್ಕೂ ಬಳಸಿ ದುಡ್ಡು ಮಾಡಬಹುದು. ಫಾಂಟ್ ಫೈಲನ್ನೇ ಬಿಡಿಯಾಗಿ ಮಾರುವಂತಿಲ್ಲ, ಅಷ್ಟೇ.

‘ಪಿಡಿಎಫ್ ಐತ್ರೀ, ಬರೇ ಪ್ರಿಂಟ್ ಹೊಡೀರಿ’

ಸಪ್ತಾಪುರದಲ್ಲಿ ಸ್ಪರ್ಧಾ ಪರೀಕ್ಷೆಗೆ ಓದುವ ಹುಡುಗರು ಹಿಂಡುಹಿಂಡಾಗಿ ಇದ್ದಾರೆ, ದುಡ್ಡು ಕಡಿಮೆ, ಟೆಲಿಗ್ರಾಮಿನಲ್ಲಿ ಪಿಡಿಎಫ್ ಧಾರಾಳ. ಅವರನ್ನು ಕಳ್ಳರೆಂದು ನೋಡುವುದು ತಪ್ಪು. ಆದರೆ ಅಂಗಡಿ ದುಡ್ಡು ಎಣಿಸಿಕೊಂಡು ಪುಸ್ತಕವನ್ನೇ ತಯಾರಿಸಿ ಮಾರುವುದು ಬೇರೆ ಮಾತು. ಕನ್ನಡದಲ್ಲಿ ಸಾವಿರ ಪ್ರತಿಯ ಮುದ್ರಣವೇ ದೊಡ್ಡದಾಗಿರುವಾಗ ಸ್ಪೈರಲ್ ಹಾಕಿದ ಐವತ್ತು ಪ್ರತಿ ಬರೆದವರ ಹೊಟ್ಟೆಗೆ ನೇರ ತಟ್ಟುತ್ತದೆ.

ಕಾಯ್ದೆ ಸ್ವಂತ ಓದು, ಸಂಶೋಧನೆ, ವಿಮರ್ಶೆಗೆ ನ್ಯಾಯೋಚಿತ ಬಳಕೆಯನ್ನು ಒಪ್ಪುತ್ತದೆ. ‘ಹತ್ತು ಪರ್ಸೆಂಟ್ ತನಕ ನಡೀತೈತಿ’ ಎಂಬ ಅಳತೆ ಮಾತ್ರ ಅದರಲ್ಲಿ ಎಲ್ಲೂ ಇಲ್ಲ. 2016ರಲ್ಲಿ ದೆಹಲಿ ಹೈಕೋರ್ಟ್ ಕೊಟ್ಟ ತೀರ್ಪು ವಿಶ್ವವಿದ್ಯಾಲಯದ ಪಾಠಕ್ಕೆ ಬೇಕಾದ ಭಾಗಗಳನ್ನು ಜೆರಾಕ್ಸ್ ಮಾಡಿದ್ದರ ಕುರಿತದ್ದು; ಅಂಗಡಿಯಲ್ಲಿ ಸಿಗುವ ಗೈಡನ್ನು ಇಡಿಯಾಗಿ ಮುದ್ರಿಸಿ ಸ್ಟಾಕ್ ಇಡಲು ಅದು ರಕ್ಷಣೆಯಲ್ಲ. ನಮ್ಮ ಸಲಹೆ ಹೀಗೆ: ಒಬ್ಬ ವಿದ್ಯಾರ್ಥಿ ತನ್ನ ಓದಿಗೆ ಒಂದು ಅಧ್ಯಾಯ ತಂದರೆ ಹಾಕಿಕೊಡಿ, ಮಾರುಕಟ್ಟೆಯಲ್ಲಿರುವ ಇಡೀ ಪುಸ್ತಕ ಬೇಡ, ಯಾವ ಪುಸ್ತಕದ ಪಿಡಿಎಫನ್ನೂ ಅಂಗಡಿಯ ಕಂಪ್ಯೂಟರಿನಲ್ಲಿ ಉಳಿಸಿಕೊಳ್ಳಬೇಡಿ.

ಬೇಡ ಎಂದಷ್ಟೇ ಹೇಳಿ ಕಳಿಸಬೇಡಿ, ಸಿಗುವ ಕಡೆ ತೋರಿಸಿ. ಕರ್ನಾಟಕ ಪಠ್ಯಪುಸ್ತಕ ಸಂಘ ಮತ್ತು ಎನ್‌ಸಿಇಆರ್‌ಟಿಯ ಪಿಡಿಎಫ್ ಅವರವರ ಸೈಟಿನಲ್ಲೇ ಉಚಿತ. ಕಣಜ, ಭಾರತವಾಣಿ, ಕನ್ನಡ ವಿಕಿಸೋರ್ಸ್ ಎಂಬ ಉಚಿತ ಜಾಲತಾಣಗಳೂ ಇವೆ.

ಕಾಪಿರೈಟ್ ಮುಗಿದದ್ದನ್ನು ಧೈರ್ಯವಾಗಿ ಮುದ್ರಿಸಿ. ಲೆಕ್ಕ ಸುಲಭ: ಲೇಖಕರು ತೀರಿದ ವರ್ಷಕ್ಕೆ 60 ಸೇರಿಸಿ, ಆ ವರ್ಷದ ಡಿಸೆಂಬರ್ 31ಕ್ಕೆ ಹಕ್ಕು ಮುಗಿಯುತ್ತದೆ. ಗಳಗನಾಥರು ತೀರಿದ್ದು 1942ರಲ್ಲಿ, ಹಕ್ಕು ಮುಗಿದು ಎಷ್ಟೋ ಕಾಲವಾಯಿತು. ಆಲೂರ ವೆಂಕಟರಾಯರು 1964ರಲ್ಲಿ ತೀರಿದರು. 2025ರ ಜನವರಿ 1ರಿಂದ ಅವರ ಬರಹ ಎಲ್ಲರದು. ಬೇಂದ್ರೆಯವರು ತೀರಿದ್ದು 1981ರಲ್ಲಿ, ಹಾಗಾಗಿ 2041ರ ಕೊನೆಯವರೆಗೆ ಅನುಮತಿ ಬೇಕು. ಲೇಖಕರು ತೀರಿದ ಮೇಲೆ ಮೊದಲ ಸಲ ಪ್ರಕಟವಾದ ಬರಹಕ್ಕೆ ಪ್ರಕಟಣೆಯ ವರ್ಷದಿಂದ 60 ಎಣಿಸಿ. ಹಳೇ ಪುಸ್ತಕದ ಹೊಸ ಆವೃತ್ತಿಯಲ್ಲಿ ಈಗಿನವರು ಬರೆದ ಮುನ್ನುಡಿ, ಟಿಪ್ಪಣಿ, ಮುಖಪುಟದ ಚಿತ್ರಕ್ಕೆ ಬೇರೆ ಹಕ್ಕಿರುತ್ತದೆ, ಅವನ್ನು ತೆಗೆದು ಮುದ್ರಿಸಿ.

ನಿಮ್ಮ ಡಿಸೈನ್ ಕಾಯುವುದು

ಪ್ರೂಫ್ ಕಳಿಸುವಾಗ 72 ಡಿಪಿಐನ (ಕಡಿಮೆ ಸ್ಪಷ್ಟತೆಯ) ಜೆಪಿಜಿ, ಅಡ್ಡಲಾಗಿ ಅಂಗಡಿಯ ಹೆಸರು, ಪಿಡಿಎಫ್ ಬೇಡ. ಬಿಲ್ಲಿನಲ್ಲಿ ಡಿಸೈನ್ ಚಾರ್ಜ್ ಮತ್ತು ಪ್ರಿಂಟ್ ಚಾರ್ಜ್ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ, ಡಿಸೈನಿನದನ್ನು ಪ್ರೂಫ್‌ಗೆ ಮುಂಚೆಯೇ ತೆಗೆದುಕೊಳ್ಳಿ. ಬೇರೆ ಕಡೆ ಪ್ರಿಂಟ್ ಹಾಕಿಸುತ್ತೇನೆ ಎಂದು ಗಿರಾಕಿ ನೇರವಾಗಿ ಹೇಳಿದರೆ ಸಿಟ್ಟಾಗಬೇಡಿ, ಓಪನ್ ಫೈಲಿಗೊಂದು (ತಿದ್ದಬಹುದಾದ ಮೂಲ ಫೈಲಿಗೆ) ದರ ಹೇಳಿ. ದುಡ್ಡು ಬಂದ ಮೇಲೆ ಕರ್ವ್ ಮಾಡಿದ ಪಿಡಿಎಫ್, ಎಸ್‌ವಿಜಿ, ಬಳಸಿದ ಮುಕ್ತ ಫಾಂಟುಗಳು ಮತ್ತು ಅವುಗಳ ಲೈಸೆನ್ಸ್ ಫೈಲ್ ಎಲ್ಲ ಒಂದೇ ಫೋಲ್ಡರಿನಲ್ಲಿ ಹಾಕಿ ಕೊಟ್ಟುಬಿಡಿ.